ಮ್ಯಾಪ್‌ಕೌಂಟ್ 1 ಇದ್ದರೂ ಪೇಜ್ ಯಾಕೆ ಕದಲುವುದಿಲ್ಲ?

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರೂ ಡ್ರೈವರ್ ಬರೆಯುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪಕ್ಕದ ನ್ಯೂಮಾ ನೋಡ್‌ನಲ್ಲಿ (ಕೆಲವು ಸಿಪಿಯುಗಳಿಗೆ ಹತ್ತಿರವಿರುವ ಮೆಮೊರಿ ಭಾಗ) ಜಾಗ ಧಾರಾಳವಾಗಿದೆ, ಪೇಜನ್ನು, ಅಂದರೆ ಮೆಮೊರಿಯ ಆ ತುಂಡನ್ನು, ತನ್ನ ವಿಳಾಸಗಳಿಗೆ ಮ್ಯಾಪ್ ಮಾಡಿಕೊಂಡಿರುವುದು ಒಂದೇ ಪ್ರೋಸೆಸ್, ಆದರೂ ಮೈಗ್ರೇಷನ್, ಅಂದರೆ ಪೇಜಿನ ಸ್ಥಳಾಂತರ, ಆಗುವುದಿಲ್ಲ. ಮೆಮೊರಿ ಬ್ಲಾಕ್ ಆಫ್‌ಲೈನ್ ಮಾಡಲು ಹೋದರೆ ನಾವೇ ಸಿಗ್ನಲ್ ಕೊಟ್ಟು ನಿಲ್ಲಿಸುವ ತನಕ ಸುತ್ತುತ್ತಲೇ ಇರುತ್ತದೆ. ಹಾಗಾದರೆ ಆ ಪೇಜನ್ನು ಹಿಡಿದುಕೊಂಡಿರುವವರು ಯಾರು?

ಕರ್ನಲ್‌ಗೂ ಗೊತ್ತಿಲ್ಲ. ಎಷ್ಟು ಕಡೆಯಿಂದ ಹಿಡಿದಿದ್ದಾರೆ ಎಂಬ ಸಂಖ್ಯೆಯಷ್ಟೇ ಅದರ ಬಳಿ ಇರುವುದು. ಒಟ್ಟು ಬಾಕಿ ಬರೆದಿಟ್ಟು ಹೆಸರು ಬರೆಯದ ಉದ್ರಿ ಪುಸ್ತಕ ಅದು. ತನಗೆ ಗೊತ್ತಿರುವ ಬಾಕಿಗಳನ್ನೆಲ್ಲ ಕೂಡಿ, ಪುಸ್ತಕದ ಮೊತ್ತಕ್ಕೆ ತಾಳೆಯಾಗದಿದ್ದರೆ ಕರ್ನಲ್ ಪೇಜನ್ನು ಮುಟ್ಟುವುದಿಲ್ಲ.

ಗೊಂದಲಕ್ಕೆ ಮೊದಲ ಕಾರಣ, ಲೆಕ್ಕ ಎರಡಿರುವುದು. ಮ್ಯಾಪ್‌ಕೌಂಟ್ ಹೇಳುವುದು ಎಷ್ಟು ಪೇಜ್ ಟೇಬಲ್ (ಪ್ರೋಸೆಸ್‌ನ ವಿಳಾಸವನ್ನು ಪೇಜಿಗೆ ಜೋಡಿಸುವ ಪಟ್ಟಿ) ಎಂಟ್ರಿಗಳು ಈ ಪೇಜನ್ನು ತೋರಿಸುತ್ತಿವೆ ಎಂದು. ಪೇಜಿನ ಬಗ್ಗೆ ಕರ್ನಲ್ ಇಟ್ಟಿರುವ ದಾಖಲೆಯಾದ ಸ್ಟ್ರಕ್ಟ್ ಪೇಜ್ ಒಳಗೆ ಅದು -1ರಿಂದ ಶುರುವಾಗುತ್ತದೆ, ಹಾಗಾಗಿ ಕ್ರ್ಯಾಶ್ ಡಂಪ್‌ನಲ್ಲಿ (ಕರ್ನಲ್ ಕುಸಿದಾಗ ಉಳಿಸಿದ ಮೆಮೊರಿ ಪ್ರತಿ) ಕಚ್ಚಾ ಬೆಲೆ 0 ಕಂಡರೆ ಒಂದು ಮ್ಯಾಪಿಂಗ್ ಇದೆ ಎಂದರ್ಥ. ರೆಫ್‌ಕೌಂಟ್ ಬೇರೆ: ಮ್ಯಾಪಿಂಗ್‌ಗಳೂ ಸೇರಿದಂತೆ ಪೇಜಿನ ಮೇಲಿರುವ ಎಲ್ಲ ಹಿಡಿತಗಳ ಮೊತ್ತ. ಅದು ಸೊನ್ನೆಗೆ ಇಳಿದಾಗಲೇ ಪೇಜ್ ಖಾಲಿ ಮೆಮೊರಿ ಹಂಚುವ ಬಡ್ಡಿ ಅಲೊಕೇಟರ್‌ಗೆ ವಾಪಸ್ ಹೋಗುವುದು. ಕರ್ನಲ್ ತನ್ನ ಒಳಮಾಹಿತಿ ತೋರಿಸುವ ಪ್ರಾಕ್ ಡೈರೆಕ್ಟರಿ ಅಡಿಯ ಕೆ-ಪೇಜ್‌ಕೌಂಟ್ ಫೈಲ್ ಕೊಡುವುದು ಮ್ಯಾಪ್‌ಕೌಂಟ್, ರೆಫ್‌ಕೌಂಟ್ ಅಲ್ಲ. ಹೆಸರು ನೋಡಿ ಮೋಸ ಹೋಗುವವರೇ ಹೆಚ್ಚು.

ಈಗ ಲೆಕ್ಕ ಮಾಡಿ ನೋಡೋಣ. 4 ಕೆಬಿಯ ಒಂದು ಫೈಲ್ ಪೇಜ್, ಮೂರು ಪ್ರೋಸೆಸ್‌ಗಳು ಅದನ್ನು ಮ್ಯಾಪ್ ಮಾಡಿವೆ. ಮ್ಯಾಪಿಂಗ್‌ಗಳಿಂದ 3, ಫೈಲ್‌ಗಳ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪೇಜ್ ಕ್ಯಾಶ್‌ನಿಂದ 1, ಫೈಲ್‌ಸಿಸ್ಟಮ್ ಅಂಟಿಸಿದ ಬಫರ್ ಹೆಡ್‌ಗಳಿಂದ (ಡಿಸ್ಕ್ ಬ್ಲಾಕ್‌ಗಳ ಗುರುತು) 1. ಒಟ್ಟು ರೆಫ್‌ಕೌಂಟ್ 5. ಮೈಗ್ರೇಷನ್ ಕೋಡ್ ಮೊದಲು ಪೇಜನ್ನು ಎಲ್‌ಆರ್‌ಯು ಪಟ್ಟಿಯಿಂದ (ಯಾವ ಪೇಜ್ ಇತ್ತೀಚೆಗೆ ಬಳಕೆಯಾಯಿತು ಎಂಬ ಪಟ್ಟಿ) ಕಿತ್ತುಕೊಳ್ಳುತ್ತದೆ, ಆಗ ತನ್ನದೇ ಒಂದು ಹಿಡಿತ ಸೇರಿಸಿ 6 ಆಗುತ್ತದೆ. ಆಮೇಲೆ ಪೇಜ್ ಲಾಕ್ ಹಿಡಿದು, ಮೂರೂ ಪೇಜ್ ಟೇಬಲ್ ಎಂಟ್ರಿಗಳನ್ನು ತೆಗೆದು ಅಲ್ಲಿ ಮೈಗ್ರೇಷನ್ ಎಂಟ್ರಿ ಎಂಬ ಗುರುತು ಇಡುತ್ತದೆ. ಈ ನಡುವೆ ಯಾವ ಪ್ರೋಸೆಸ್ ಆ ವಿಳಾಸ ಮುಟ್ಟಿದರೂ ಫಾಲ್ಟ್ ಆಗಿ ಕಾಯುತ್ತಾ ನಿಲ್ಲುತ್ತದೆ. ಮ್ಯಾಪ್‌ಕೌಂಟ್ ಈಗ ಸೊನ್ನೆ, ರೆಫ್‌ಕೌಂಟ್ 3. ಕರ್ನಲ್ ನಿರೀಕ್ಷಿಸುವುದೂ 3: ಕ್ಯಾಶ್, ಬಫರ್, ತಾನು. ತಾಳೆಯಾಯಿತು, ಪೇಜ್ ಹೊರಡಬಹುದು. ಅದೇ 4 ಬಂದರೆ ಇ-ಅಗೇನ್, ಅಂದರೆ ಮತ್ತೆ ಪ್ರಯತ್ನಿಸಿ ಎಂಬ ಎರರ್. ಸ್ವಾಪ್ ಕ್ಯಾಶ್‌ನಲ್ಲಿಲ್ಲದ ಅನಾನಿಮಸ್ ಪೇಜ್ (ಯಾವ ಫೈಲ್‌ಗೂ ಸೇರದ ಪೇಜ್) ಆದರೆ ಈ ಹಂತದಲ್ಲಿ ಉಳಿಯಬೇಕಾದ್ದು 1 ಮಾತ್ರ. 64 ಕೆಬಿ ಫೋಲಿಯೊ (ಒಂದೇ ಘಟಕವಾಗಿ ನೋಡಿಕೊಳ್ಳುವ ಪೇಜ್‌ಗಳ ಗುಂಪು) ಆದರೆ ಪೇಜ್ ಕ್ಯಾಶ್ ಒಂದರದೇ ಪಾಲು 16.

ಫೈಲ್ ಪೇಜ್‌ಗೆ ಬರೀ ಹೋಲಿಸಿ ನೋಡಿದರೆ ಸಾಲದು. ಪೇಜ್ ಕ್ಯಾಶ್ ಹುಡುಕುವ ಕೋಡ್ ಆರ್‌ಸಿಯು ಎಂಬ ಲಾಕ್‌ರಹಿತ ಓದುವ ವಿಧಾನವನ್ನು ನಂಬಿಕೊಂಡು ಯಾವ ಲಾಕೂ ಇಲ್ಲದೆ ಬಂದು ರೆಫರೆನ್ಸ್ ತೆಗೆದುಕೊಳ್ಳಬಲ್ಲದು. ಹೋಲಿಕೆ ಮುಗಿದ ಮರುಕ್ಷಣವೇ ಯಾರಾದರೂ ನುಸುಳಿದರೆ? ಅದಕ್ಕೇ ಫ್ರೀಜ್ ಎಂಬ ಕ್ರಮ. ರೆಫ್‌ಕೌಂಟ್ 3 ಇದ್ದರೆ ಮಾತ್ರ, ಒಂದೇ ಅಟಾಮಿಕ್ ಏಟಿಗೆ ಅದನ್ನು ಸೊನ್ನೆ ಮಾಡುವುದು. ಸೊನ್ನೆಯಾದ ಪೇಜಿನ ಮೇಲೆ ಹೊಸ ರೆಫರೆನ್ಸ್ ಸಿಗುವುದಿಲ್ಲ, ಹುಡುಕುವವರು ಮತ್ತೆ ಮೊದಲಿನಿಂದ ಹುಡುಕುತ್ತಾರೆ. ಅಷ್ಟರಲ್ಲಿ ಕ್ಯಾಶ್‌ನ ಕೊಂಡಿ ಹೊಸ ಪೇಜಿಗೆ ತಿರುಗಿರುತ್ತದೆ. ಇಡೀ ಮೈಗ್ರೇಷನ್ ಕೋಡ್‌ನಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಜಾಗ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಇಷ್ಟು ಹಟ ಯಾಕೆ ಎಂದರೆ, ಆ ನಾಲ್ಕನೆಯ ಹಿಡಿತ ನೆಟ್‌ವರ್ಕ್ ಕಾರ್ಡ್ ಪರವಾಗಿ ಡ್ರೈವರ್ ತೆಗೆದುಕೊಂಡದ್ದಿರಬಹುದು. ಕಾರ್ಡ್‌ಗೆ ಕೊಟ್ಟಿರುವುದು ಡಿಎಂಎ ವಿಳಾಸ, ಅಂದರೆ ಸಿಪಿಯು ನೆರವಿಲ್ಲದೆ ಸಾಧನವೇ ನೇರವಾಗಿ ಮೆಮೊರಿ ಮುಟ್ಟುವ ವಿಳಾಸ. ಪೇಜ್ ಟೇಬಲ್ ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ, ಹಳೆಯ ಪೇಜಿಗೇ ಬರೆಯುತ್ತಾ ಹೋಗುತ್ತದೆ. ಆ ಪೇಜ್ ಅಷ್ಟರಲ್ಲಿ ಬೇರೆ ಪ್ರೋಸೆಸ್‌ನ ಪಾಲಾಗಿದ್ದರೆ ಡೇಟಾ ಸದ್ದಿಲ್ಲದೆ ಕೆಡುತ್ತದೆ.

ಲೆಕ್ಕಕ್ಕೆ ಸಿಗದ ಈ ಹೆಚ್ಚುವರಿ ಹಿಡಿತಗಳಲ್ಲಿ ಅರೆಗಳಿಗೆಯವು ಬೇರೆ, ಬೇರು ಬಿಟ್ಟವು ಬೇರೆ. ಪ್ರತಿ ಸಿಪಿಯು ಬಳಿ ಎಲ್‌ಆರ್‌ಯುಗೆ ಸೇರಲು ಕಾದಿರುವ ಪೇಜ್‌ಗಳ ಸಣ್ಣ ಬ್ಯಾಚ್ ಇರುತ್ತದೆ, ಆ ಬ್ಯಾಚಿನದೂ ಒಂದು ರೆಫರೆನ್ಸ್. ಪೇಜ್ ಕ್ಯಾಶ್ ಬಿಟ್ಟು ನೇರವಾಗಿ ಓದಿ ಬರೆಯುವ ಡೈರೆಕ್ಟ್ ಐ/ಒ ನಡೆಯುವಾಗಲೂ ಹಾಗೇ. ಇವು ತಾವಾಗಿ ಬಿಡುತ್ತವೆ, ಇವಕ್ಕಾಗಿಯೇ ಕರ್ನಲ್ 10 ಸಲದವರೆಗೆ ಮರುಪ್ರಯತ್ನ ಮಾಡುತ್ತದೆ. ಆರ್‌ಡಿಎಂಎ (ನೆಟ್‌ವರ್ಕ್ ಮೂಲಕ ನೇರ ಮೆಮೊರಿ ಬಳಕೆ), ವಿಎಫ್‌ಐಒ (ಸಾಧನವನ್ನು ನೇರವಾಗಿ ಪ್ರೋಗ್ರಾಂಗೆ ಒಪ್ಪಿಸುವ ವ್ಯವಸ್ಥೆ), ಐಒ-ಯುರಿಂಗ್‌ನ (ಓದು-ಬರಹದ ಇಂಟರ್‌ಫೇಸ್) ರಿಜಿಸ್ಟರ್ ಮಾಡಿದ ಬಫರ್‌ಗಳು ಹಾಗಲ್ಲ. ಸಾಧನವನ್ನು ಪಾಸ್‌ಥ್ರೂ ಕೊಟ್ಟ ವರ್ಚುವಲ್ ಮಷೀನ್‌ನ ಮೆಮೊರಿ ಸಾಮಾನ್ಯವಾಗಿ ಪೂರ್ತಿ ಪಿನ್ ಆಗಿರುತ್ತದೆ, ಅಂದರೆ ಕದಲದಂತೆ ಹಿಡಿಯಲ್ಪಟ್ಟಿರುತ್ತದೆ, ಮಷೀನ್ ನಿಲ್ಲುವವರೆಗೂ ಬಿಡುವುದಿಲ್ಲ. ಅಂದಹಾಗೆ, ಎಂಲಾಕ್ ಮಾಡಿದರೆ ಪೇಜ್ ಕದಲದು ಎಂಬುದು ತಪ್ಪು ತಿಳುವಳಿಕೆ. ಎಂಲಾಕ್ ತಡೆಯುವುದು ಸ್ವಾಪ್‌ಗೆ ಹೋಗುವುದನ್ನು, ಮೈಗ್ರೇಷನ್ ಅನ್ನು ಅಲ್ಲ.

ಇಂಥ ಪಿನ್‌ಗಳನ್ನು ಗುರುತಿಸಲು 2020ರ 5.6 ಕರ್ನಲ್ ಒಂದು ಉಪಾಯ ತಂದಿತು. ಪೇಜಿನ ಒಳಗಿನ ಡೇಟಾ ಮುಟ್ಟುವವರು ಗೆಟ್-ಯೂಸರ್-ಪೇಜಸ್ ಬದಲು ಪಿನ್-ಯೂಸರ್-ಪೇಜಸ್ ಕರೆಯಬೇಕು. ಸಣ್ಣ ಪೇಜ್ ಆದರೆ 5.7ರಿಂದ ಪ್ರತಿ ಪಿನ್‌ಗೆ ರೆಫ್‌ಕೌಂಟ್ 1ರ ಬದಲು 1024 ಏರುತ್ತದೆ. ದೊಡ್ಡ ಫೋಲಿಯೊಗಳಿಗೆ ಬೇರೆಯೇ ಪಿನ್‌ಕೌಂಟ್ ಇದೆ. ಹಾಗಾಗಿ ಡಂಪ್‌ನಲ್ಲಿ 1025 ಕಂಡರೆ ಬಹುಮಟ್ಟಿಗೆ ಒಂದು ಮ್ಯಾಪಿಂಗ್, ಒಂದು ಪಿನ್ ಎಂದು ಓದಬಹುದು. ಬಹುಮಟ್ಟಿಗೆ ಅಂದದ್ದು ಯಾಕೆಂದರೆ ಸಾಮಾನ್ಯ ರೆಫರೆನ್ಸ್‌ಗಳೇ ಸಾವಿರ ದಾಟಿದರೂ ಅದೇ ಅಂಕಿ ಬರುತ್ತದೆ. ಇದೇ ಅಂಕಿ ಡ್ರೈವರ್‌ನ ತಪ್ಪನ್ನೂ ಹಿಡಿದುಕೊಡುತ್ತದೆ. ಪಿನ್ ಮಾಡಿ, ಎರರ್ ದಾರಿಯಲ್ಲಿ ಅನ್‌ಪಿನ್ ಬದಲು ಪುಟ್-ಪೇಜ್ ಕರೆದಿದ್ದರೆ 1024 ಇಳಿಯಬೇಕಾದ ಕಡೆ 1 ಇಳಿಯುತ್ತದೆ. ಪ್ರೋಸೆಸ್ ಸತ್ತ ಮೇಲೂ 1023 ಉಳಿದ ಪೇಜ್ ಸಿಕ್ಕರೆ ಬೇರೆಲ್ಲೂ ಹುಡುಕಬೇಡಿ.

ಪತ್ತೆ ಮಾಡುವ ಕ್ರಮ ಹೀಗೆ. ಪ್ರಾಕ್ ಅಡಿಯ ವಿಎಂಸ್ಟ್ಯಾಟ್‌ನಲ್ಲಿ ಪಿಜಿ-ಮೈಗ್ರೇಟ್-ಫೇಲ್ ಏರುತ್ತಿದೆಯೇ ನೋಡಿ. ಅಲ್ಲೇ ಫೋಲ್-ಪಿನ್-ಅಕ್ವೈರ್ಡ್, ಫೋಲ್-ಪಿನ್-ರಿಲೀಸ್ಡ್ ಎಂಬ ಎರಡು ಸಾಲುಗಳಿವೆ, ಅವುಗಳ ವ್ಯತ್ಯಾಸವೇ ಈ ಕ್ಷಣ ಬಿಡದೆ ಉಳಿದಿರುವ ಪಿನ್‌ಗಳ ಲೆಕ್ಕ. ಕೆಲಸದ ಹೊರೆ ನಿಲ್ಲಿಸಿದ ಮೇಲೂ ಅಂತರ ಇಳಿಯದಿದ್ದರೆ ಸೋರಿಕೆ ಇದೆ ಎಂದು ಅನುಮಾನಿಸಿ. ಆಫ್‌ಲೈನ್ ಮಾಡುವಾಗ ಸೋತ ಪೇಜಿನ ರೆಫ್‌ಕೌಂಟ್, ಮ್ಯಾಪ್‌ಕೌಂಟ್, ಪಿಎಫ್‌ಎನ್ (ಪೇಜಿನ ಕ್ರಮಸಂಖ್ಯೆ) ಕರ್ನಲ್ ಸಂದೇಶಗಳ ದಾಖಲೆಯಾದ ಡಿಮೆಸ್ಗ್‌ನಲ್ಲಿ ಬರುತ್ತವೆ. ಪೇಜ್‌ಗಳನ್ನು ಬೇರೆ ನೋಡ್‌ಗೆ ಕಳಿಸುವ ಮೂವ್-ಪೇಜಸ್ ಸಿಸ್ಟಮ್ ಕಾಲ್ ಬಳಸುವವರು ಪ್ರತಿ ಪೇಜಿನ ಫಲಿತಾಂಶ ಬರುವ ಸ್ಟೇಟಸ್ ಅರೇಯನ್ನು ಮೊದಲೇ ನೋಡ್ ಸಂಖ್ಯೆಯೂ ಅಲ್ಲದ, ಎರರ್ ಕೋಡೂ ಅಲ್ಲದ ಬೆಲೆಯಿಂದ ತುಂಬಿಡಿ. 4.17ರಿಂದ ಆ ಕಾಲ್ ಕದಲದ ಪೇಜ್‌ಗಳ ಎಣಿಕೆಯನ್ನು ಧನ ಸಂಖ್ಯೆಯಾಗಿ ಹಿಂದಿರುಗಿಸಬಹುದು. ಸೊನ್ನೆಗಿಂತ ಕಡಿಮೆ ಬಂದರಷ್ಟೇ ಸೋಲು ಎಂದು ಬರೆದ ಹಳೆಯ ಪ್ರೋಗ್ರಾಂ ಅದನ್ನು ಗೆಲುವೆಂದೇ ತಿಳಿಯುತ್ತದೆ. ಸ್ಟೇಟಸ್‌ನಲ್ಲಿ -16, ಅಂದರೆ ಇ-ಬ್ಯುಸಿ ಬಂದರೆ ಮತ್ತೆ ಪ್ರಯತ್ನಿಸಿ. -13 ಬಂದರೆ ಪೇಜ್ ಹಲವು ಪ್ರೋಸೆಸ್‌ಗಳದ್ದು, ಕದಲಿಸಲು ಮೂವ್-ಆಲ್ ಫ್ಲ್ಯಾಗ್ ಬೇಕು, ಅದಕ್ಕೆ ಸಿಸ್-ನೈಸ್ ಅಧಿಕಾರ ಬೇಕು.

ಇಷ್ಟಾದರೂ ಹೆಸರು ಸಿಗದಿದ್ದರೆ ಡೀಬಗ್-ಪೇಜ್-ರೆಫ್ ಆಯ್ಕೆ ಹಾಕಿ ಕರ್ನಲ್ ಕಟ್ಟಿ. ರೆಫ್‌ಕೌಂಟ್‌ನ ಪ್ರತಿ ಏರಿಳಿತವೂ ಟ್ರೇಸ್‌ಪಾಯಿಂಟ್, ಅಂದರೆ ದಾಖಲಿಸಬಹುದಾದ ಘಟನೆ, ಆಗುತ್ತದೆ. ಪಿಎಫ್‌ಎನ್ ಮೇಲೆ ಫಿಲ್ಟರ್ ಹಾಕಿ, ಯಾವ ಕೋಡ್ ಕರೆಯಿತು ಎಂದು ತೋರಿಸುವ ಸ್ಟ್ಯಾಕ್ ಟ್ರೇಸ್ ಜೊತೆ ದಾಖಲಿಸಿ, ಏರಿಕೆ ಇಳಿಕೆಗಳನ್ನು ಜೋಡಿ ಮಾಡುತ್ತಾ ಬನ್ನಿ. ಜೋಡಿ ಸಿಗದ ಸ್ಟ್ಯಾಕ್‌ನಲ್ಲಿ ಡ್ರೈವರ್‌ನ ಹೆಸರಿರುತ್ತದೆ. ಫಿಲ್ಟರ್ ಇಲ್ಲದೆ ಮಾತ್ರ ಶುರು ಮಾಡಬೇಡಿ, ಕ್ಷಣದಲ್ಲಿ ಟ್ರೇಸ್ ಬಫರ್ ತುಂಬಿ ನಿಮಗೆ ಬೇಕಾದ ಸಾಲೇ ಅಳಿಸಿಹೋಗಿರುತ್ತದೆ.