ಕರೆಂಟು ಹೋದ್ರೆ ಗಿಡ ಏನ್ಮಾಡುತ್ತೆ?

16 ಮಾರ್ಚ್ 2025, ಭಾನುವಾರ ರಾತ್ರಿ

ಮಣ್ಣಿಲ್ಲದೆ ಗೊಬ್ಬರದ ನೀರಲ್ಲೇ ಸೊಪ್ಪು ಬೆಳೆಯೋಕೆ (ಹೈಡ್ರೊಪೊನಿಕ್ಸ್) ತಂದ ಪೈಪುಗಳು ಇನ್ನೂ ಬಾಲ್ಕನಿ ಗೋಡೆಗೆ ಒರಗಿಕೊಂಡೇ ಇವೆ. ಇವತ್ತು ಜೋಡಿಸಿ ಮುಗಿಸಬೇಕು ಅಂದುಕೊಂಡಿದ್ದೆ. ಅಪ್ಪ ಕುರ್ಚಿ ಎಳೆದುಕೊಂಡು ಬಂದು ಎದುರಿಗೆ ಕೂತರು. ಕೆಲಸ ಅಲ್ಲಿಗೇ ನಿಂತಿತು.

ಮೊದಲು ಕೇಳಿದ್ದು ಗೊಬ್ಬರದ ವಿಷಯ. ಎ, ಬಿ ಅಂತ ಎರಡು ಬಾಟಲಿ ತೋರಿಸಿದೆ. "ಎರಡ್ಯಾಕಮ್ಮಾ? ಒಂದ್ರಲ್ಲೇ ತುಂಬಿ ಕೊಡಬಹುದಿತ್ತಲ್ವಾ?" ಅಂದರು. ಒಂದರಲ್ಲಿ ಕ್ಯಾಲ್ಸಿಯಂ ಇರುತ್ತೆ, ಇನ್ನೊಂದರಲ್ಲಿ ಫಾಸ್ಫೇಟು, ಸಲ್ಫೇಟು. ನೀರು ಬೆರೆಸದೆ ಹಾಗೇ ಸೇರಿಸಿದರೆ ಬಿಳಿ ಗಷ್ಟಾಗಿ ತಳ ಸೇರುತ್ತೆ, ಬೇರಿಗೆ ಸಿಗಲ್ಲ. ಬಕೆಟ್ ತುಂಬ ನೀರು ಹಿಡಿದು, ಎ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಬಿ ಹಾಕಬೇಕು ಅಂತ ಹೇಳಿದೆ.

ಅಪ್ಪನ ಮುಖ ಅರಳಿತು. "ಬೆಳೆಗೆ ರೋಗ ಬರದಂಗೆ ಹೊಡೀತಿದ್ವಲ್ಲ, ಆ ಬೋರ್ಡೋ ದ್ರಾವಣಕ್ಕೂ ಹಿಂಗೇ ಕ್ರಮ ಇದೆ. ಮೈಲುತುತ್ತ ಒಂದ್ರಲ್ಲಿ ಕರಗಿಸೋದು, ಸುಣ್ಣ ಇನ್ನೊಂದ್ರಲ್ಲಿ. ಬೆರೆಸಿದ ಮೇಲೆ ಕಬ್ಬಿಣದ ಚಾಕು ಅದ್ದಿ ನೋಡ್ತಿದ್ವಿ. ಕೆಂಪಗೆ ತಾಮ್ರ ಹತ್ತಿದ್ರೆ ಸುಣ್ಣ ಸಾಲ್ದು ಅಂತ."

ನಾನು ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅಂತ ನೋಡುವ ಹನಿ ಬಾಟಲಿ ತೆಗೆದೆ. ಪುಟ್ಟ ಟ್ಯೂಬಿಗೆ ನಮ್ಮ ಬೋರ್ ನೀರು ಹಾಕಿ ಹನಿ ಬಿಟ್ಟರೆ ನೀಲಿ ಮಿಶ್ರ ಹಸಿರು. ಬಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಫಾಸ್ಫೊರಿಕ್ ಆಸಿಡ್ ಸೇರಿಸಿ ಮತ್ತೆ ನೋಡಿದರೆ ಹಳದಿ. 5.5ರಿಂದ 6.5ರ ಒಳಗಿದ್ದರೆ ಸೊಪ್ಪಿಗೆ ಸರಿ. ಅಪ್ಪ ಟ್ಯೂಬನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಚಿನ್ನೂನ ಕರೆದು ಅವನಿಗೂ ತೋರಿಸಿದರು. ಊರು ಬಿಟ್ಟು ಬಂದ ಮೇಲೆ ಅಪ್ಪ ಇಷ್ಟು ಮಾತಾಡಿದ್ದು ನಾನು ನೋಡಿಲ್ಲ.

ಆಮೇಲೆ ಬಂತು ಆ ಪ್ರಶ್ನೆ. "ಕರೆಂಟು ಹೋದ್ರೆ ಗಿಡ ಏನ್ಮಾಡುತ್ತೆ?"

ಪೈಪಿನೊಳಗೆ ಹರಿಯೋದು ತೆಳ್ಳಗಿನ ನೀರು. ಪಂಪು ನಿಂತರೆ ಅದೂ ಇಳಿದು ಹೋಗುತ್ತೆ. ಈ ಬಿಸಿಲಿಗೆ ಕೆಲವೇ ಗಂಟೆಯಲ್ಲಿ ಎಲೆ ಜೋತುಬೀಳುತ್ತೆ. ಹಾಗಂತ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಗೆ ಪಂಪು ಓಡ್ಸೋ ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬರ್ತಿತ್ತು. ಕೆಲವು ದಿನ ಬರ್ತಾನೇ ಇರ್ಲಿಲ್ಲ. ಆದ್ರೂ ಟೊಮ್ಯಾಟೊ ಗಿಡ ನಾಳೆವರ್ಗೂ ತಡ್ಕೊಳ್ತಿತ್ತು. ಮಣ್ಣಲ್ಲಿ ತೇವ ಇರ್ತಿತ್ತಲ್ಲ."

ಬ್ಯಾಟರಿ ಹಿಡಿದು ಕತ್ತಲಲ್ಲಿ ಹೊರಟ ಅವರ ಹಿಂದೆ ಅಮ್ಮ "ಹಾವು ಗೀವು, ನೋಡ್ಕೊಂಡು ಹೋಗಿ" ಅಂತ ಕೂಗುತ್ತಿದ್ದದ್ದು ನೆನಪಾಯಿತು. ಕೋಲಾರದ ಕಡೆ ಎಷ್ಟು ಹೊಲಗಳ ಬೋರು ಬತ್ತಿದವೋ, ನಮ್ಮದೂ ಅದರಲ್ಲಿ ಒಂದು. ಸಾವಿರ ಅಡಿ ದಾಟಿ ಕೊರೆಸಿದರೂ ಬರೀ ದೂಳು. ನೀರು ಸಾಲದೆ ಹೊಲ ಬಿಟ್ಟವರ ಮುಂದೆ "ಇದಕ್ಕೆ ಹೊಲಕ್ಕಿಂತ ತುಂಬಾ ಕಡಿಮೆ ನೀರು ಸಾಕು" ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಪೈಪು ಸದ್ಯಕ್ಕೆ ಬೇಡ. ಪಂಪಿಲ್ಲದ ಕ್ರಾಟ್ಕಿ ವಿಧಾನದಲ್ಲೇ ಶುರು ಮಾಡ್ತೀನಿ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅನ್ನೋ ವಿಜ್ಞಾನಿ ತೋರಿಸಿಕೊಟ್ಟದ್ದು. ಗೊಬ್ಬರದ ನೀರು ತುಂಬಿದ ಬಕೆಟ್ಟಿನ ಮುಚ್ಚಳದಲ್ಲಿ ತೂತು ಮಾಡಿ ನೆಟ್ ಪಾಟ್ (ಜಾಲರಿಯಂಥ ಪುಟ್ಟ ಕುಂಡ) ಇಳಿಬಿಟ್ಟರಾಯಿತು. ಗಿಡ ನೀರು ಕುಡಿದಂತೆ ಮಟ್ಟ ಇಳಿಯುತ್ತೆ, ಮೇಲಿನ ಬೇರಿಗೆ ಗಾಳಿ ಸಿಗುತ್ತೆ. ಬಕೆಟ್ಟಿಗೆ ಬೆಳಕು ನುಗ್ಗಿದರೆ ಪಾಚಿ ಕಟ್ಟುತ್ತೆ, ಹೊರಗೆ ಕಪ್ಪು ಬಣ್ಣ ಬಳಿಯಬೇಕು. ಲೆಟ್ಯೂಸ್ ಬೀಜದ ಜೊತೆ ಅಪ್ಪನಿಗೆ ಪಾಲಕ್ ಕೂಡ.

ಚಿನ್ನೂಗೆ ನಾಳೆ ಗಣಿತ ಪರೀಕ್ಷೆ. ಇನ್ನೂ ಮಲಗಿಲ್ಲ ಅವನು.

ನೀರಿನದೇ ಚಿಂತೆ ಈಗ. ನಮ್ಮ ಬೋರ್ ನೀರಿನ ಟಿಡಿಎಸ್ (ಕರಗಿರೋ ಉಪ್ಪಿನಂಶದ ಅಳತೆ) 600 ದಾಟಿದೆ. ನೀರಲ್ಲೇ ಅಷ್ಟು ಉಪ್ಪಿದ್ದರೆ ಪೋಷಕಾಂಶಕ್ಕೆ ಜಾಗವೇ ಜಾಸ್ತಿ ಉಳಿಯಲ್ಲ. ಅರ್ಧ ಆರ್‌ಒ ನೀರು ಬೆರೆಸೋಣ ಅಂದೆ. "ಆ ಮಿಷನ್ನು ಒಂದು ಲೋಟ ಕೊಡೋಕೆ ಎಷ್ಟು ಲೋಟ ಚೆಲ್ಲುತ್ತೆ ಗೊತ್ತಾ?" ಅಂದರು ಅಪ್ಪ. ಅವರು ಹೇಳೋದು ನಿಜ. ನೀರು ಉಳಿಸೋ ಬೇಸಾಯಕ್ಕೆ ನೀರು ಚೆಲ್ಲೋದು ನನಗೂ ಒಪ್ಪಿಗೆಯಿಲ್ಲ. ಟೆರೇಸಿನ ಮಳೆ ನೀರು ಹಿಡಿದರೆ ಟಿಡಿಎಸ್ ತೊಂದರೆಯೇ ಇರಲ್ಲ, ಆದರೆ ಅಸೋಸಿಯೇಷನ್‌ನವರನ್ನು ಒಪ್ಪಿಸಿ ಒಂದು ಡ್ರಮ್ ಇಡಬೇಕು, ಏಪ್ರಿಲ್ ಮಳೆಗೆ ಮುಂಚೆ ಆಗುತ್ತೋ ಇಲ್ವೋ.