600 ರೂಪಾಯಿಯ ಕುಂಬಳಕಾಯಿ

ಇವತ್ತು ಚರ್ಚಿನಲ್ಲಿ ಸುಗ್ಗಿ ಹಬ್ಬ. ಆರಾಧನೆ ಆದಮೇಲೆ, ಜನ ಕಾಣಿಕೆಯಾಗಿ ತಂದ ಬೆಳೆಗಳ ಮಾಮೂಲಿ ಹರಾಜು, ದುಡ್ಡು ಚರ್ಚಿಗೆ. ಯಾರದೋ ಹಿತ್ತಲಿನ ಸಿಹಿಗುಂಬಳಕಾಯಿ, ತಳದಲ್ಲಿ ಇನ್ನೂ ಮಣ್ಣು ಅಂಟಿತ್ತು, 600 ರೂಪಾಯಿಗೆ ಕೂಗಿ ತಗೊಂಡೆ. ಚಪ್ಪಾಳೆ ಬಿತ್ತು. ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ವಾಪಸ್ ಬರುವಾಗ ಕೊತ್ತಂಬರಿ ಮಾರುವ ಅಜ್ಜಿ ಹತ್ತಿರ 5 ರೂಪಾಯಿಗೆ ಚೌಕಾಸಿ ಮಾಡಿದವನೂ ನಾನೇ!

ಮಾರ್ಕನ ಸುವಾರ್ತೆ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಾಣಿಕೆ ಪೆಟ್ಟಿಗೆ ಎದುರಿಗೇ ಕೂತು ಜನ ದುಡ್ಡು ಹಾಕೋದನ್ನು ನೋಡುತ್ತಾರೆ, ತನ್ನ ಹತ್ತಿರ ಇದ್ದ ಎರಡೂ ಕಾಸು ಹಾಕಿದ ಬಡ ವಿಧವೆಯೇ ಎಲ್ಲರಿಗಿಂತ ಜಾಸ್ತಿ ಕೊಟ್ಟಳು ಅನ್ನುತ್ತಾರೆ. ಕೊತ್ತಂಬರಿ ಬುಟ್ಟಿ ಪಕ್ಕದಲ್ಲೂ ಕೂತಿದ್ದರೆ? ನಾನೋ, ದಶಮಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು, ದೇವರಿಗೆ ಕೊಟ್ಟುಬಿಟ್ಟರೆ ಉಳಿದ ಒಂಬತ್ತು ಪಾಲು ನಂದೇ ಅಂದುಕೊಂಡಿದ್ದೆ. ನಮ್ಮ ಬೈಬಲ್ಲಿನಲ್ಲಿ ಬರುವ ‘ಮನೆವಾರ್ತೆಯವನು’ ಯಜಮಾನನ ಆಸ್ತಿ ನೋಡಿಕೊಳ್ಳೋನು ಅಷ್ಟೇ, ಅಲ್ವಾ?

ಕುಂಬಳಕಾಯಿ ದೊಡ್ಡದಿದೆ. ಅರ್ಧ ಯಾರಿಗಾದರೂ ಬೇಕಾ?