ಪಗಾರ ಬಂದ್ ಆದಾಗ

"ಮ್ಯಾಲಿಂದ ಬಂದಿಲ್ಲ, ಮುಂದಿನ ತಿಂಗಳ ಬರ್ರಿ." ಯಾದಗಿರಿ ಕಡೆ ಅಂಗವಿಕಲರ ಪಗಾರ, ಅಂದರೆ ಸರ್ಕಾರ ಕೊಡುವ ಮಾಸಾಶನ, ನಿಂತಾಗ ಕೇಳಿಬರುವ ಮೊದಲ ಮಾತು ಇದೇ. ಅಷ್ಟಕ್ಕೇ ವಾಪಸ್ ಬರಬೇಡಿ. ಈ ಹಣ ಜಮಾ ಆಗುವುದು ಆಧಾರ್ ಮೇಲೆ. ಕೊನೆಯದಾಗಿ ಯಾವ ಬ್ಯಾಂಕಿಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೇ ಹೋಗುತ್ತದೆ. ಸಾಲಕ್ಕೆಂದು ಇನ್ನೊಂದು ಖಾತೆ ತೆರೆದಿದ್ದರೆ ರೊಕ್ಕ ಅಲ್ಲಿ ಕೂತಿರಬಹುದು. ಮೊಬೈಲಿನಲ್ಲಿ *99*99*1# ಒತ್ತಿ, ಆಧಾರ್ ನಂಬರ್ ಹಾಕಿ, ಯಾವ ಬ್ಯಾಂಕ್ ಅಂತ ನೋಡಿಕೊಳ್ಳಿ.

ಖಾತೆ ಸರಿಯಿದ್ದರೆ ತಹಸೀಲ್ದಾರ್ ಕಚೇರಿಗೆ ಅರ್ಜಿ, ಎರಡು ಪ್ರತಿ. ನಿಮ್ಮ ಪ್ರತಿಯ ಮೇಲೆ ತಾರೀಖು, ಸೀಲು ಬಿದ್ದ ಮೇಲೇ ಕಿಟಕಿ ಬಿಡಿ. ದುಡಿಯಲು ಹೋದ ಮಕ್ಕಳ ಜೊತೆ ಪುಣೆಯಲ್ಲಿದ್ದಾಗ ಪರಿಶೀಲನೆಗೆ ಬಂದವರು 'ಊರಲ್ಲಿಲ್ಲ' ಎಂದು ಬರೆದುಹೋಗಿರಬಹುದು, ಹಾಗಾಗಿ ನಿಲ್ಲಿಸಿದ ಕಾರಣವನ್ನು ಬರಹದಲ್ಲೇ ಕೇಳಿ. ಕೊಡಲಿಲ್ಲವೇ? ಮಾಹಿತಿ ಹಕ್ಕು ಅರ್ಜಿ ಹಾಕಿ: 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ.

ನಡೆಯಲಾಗದವರನ್ನು ಮೆಟ್ಟಿಲು ಹತ್ತಿಸಿ "ಖರೇನ ಕಾಲಿಲ್ಲೇನು?" ಎಂದು ಕೇಳುವ ಕಚೇರಿಗಳದ್ದು ಯಾವ ನಮೂನೆಯ ಕುರುಡೋ! ನಾಲ್ಕು ಜನರೆದುರು ಬೇಕಂತಲೇ ಹೀಗೆ ಅವಮಾನಿಸುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮಿನಡಿ ಅಪರಾಧ, ಕನಿಷ್ಠ 6 ತಿಂಗಳ ಜೈಲು. ದಿನ, ಹೊತ್ತು, ಪಕ್ಕದಲ್ಲಿದ್ದವರ ಹೆಸರು ಅಂದೇ ಬರೆದಿಡಿ.